ಕೊಚ್ಚಿ ಬಿನಾಲೆಯಲ್ಲಿ ನಿಮ್ಮ ತಲೆಯಲ್ಲಿ ಉಳಿದ ಕೆಲಸ ಯಾವುದು? (ನನಗೆ ಒರಳುಕಲ್ಲು)

ಹಳೇಹಂಚು:
ಹೋದ ವಾರ ಕೊಚ್ಚಿಯಿಂದ ಬಂದೆ. ಬಿನಾಲೆ ಅಂದರೆ ಹೆಸರಿಗೆ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನ. ಈ ಸಲದ್ದು 6ನೇ ಬಿನಾಲೆ, 2026ರ ಮಾರ್ಚ್ 31ಕ್ಕೆ ಮುಗಿಯುತ್ತದೆ. 2012ರ ಮೊದಲನೆಯದಕ್ಕೂ ಹೋಗಿದ್ದೆ, ನಡುವೆ ಒಂದು ತಪ್ಪಿತು. ಬರುವಾಗ ರೈಲಿನಲ್ಲಿ ನಿದ್ದೆ ಬರಲಿಲ್ಲ. ಸುಮ್ನೆ ಲೆಕ್ಕ ಹಾಕಿದೆ. ಇಷ್ಟು ವರ್ಷದಲ್ಲಿ ಅಲ್ಲಿ ಕಲಾವಿದರ ನೂರಾರು ಕೆಲಸ ನೋಡಿದ್ದೇನೆ. ಫೋನಿನಲ್ಲಿರುವ ಫೋಟೊ ನೋಡದೆ ನೆನಪಿಗೆ ಬರುವುದು ಎಷ್ಟು? ಏಳೋ ಎಂಟೋ. ಮೊದಲು ಬಂದದ್ದು ಒರಳುಕಲ್ಲು.

ನೋಡದವರಿಗೆ ಹೇಳುತ್ತೇನೆ. ಕಲಾವಿದರಾದ ಶೀಲಾ ಗೌಡ ಮತ್ತು ಕ್ರಿಸ್ಟೋಫ್ ಸ್ಟೋರ್ಜ್ ಸೇರಿ 2012ರಲ್ಲಿ ಮಾಡಿದ ಕೆಲಸ ಅದು. ಹೆಸರು 'ಸ್ಟಾಪ್‌ಓವರ್'. ಬೆಂಗಳೂರಿನಲ್ಲಿ ಹಳೇ ಮನೆ ಕೆಡವಿ ಹೊಸದು ಕಟ್ಟುತ್ತಾರಲ್ಲ, ಆಗ ಅಡುಗೆಮನೆಯ ಒರಳುಕಲ್ಲು ಎಲ್ಲಿಗೆ ಹೋಗುತ್ತದೆ? ಒಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿದ ಕಲ್ಲು. ಮಿಕ್ಸಿ ಬಂದ ಮೇಲೆ ಮನೆಯೊಳಗೂ ಬೇಡ. ಹಾಗಾಗಿ ರಸ್ತೆ ಬದಿಗೋ ಮರದ ಬುಡಕ್ಕೋ ಉರುಳಿಸಿ ಹೋಗುತ್ತಾರೆ. ಅಂಥ ಕಲ್ಲುಗಳನ್ನು ಒಟ್ಟು ಮಾಡಿ ಕೊಚ್ಚಿಗೆ ಸಾಗಿಸಿ, ಆಸ್ಪಿನ್‌ವಾಲ್ ಹೌಸಿನಲ್ಲಿ ಇಟ್ಟಿದ್ದರು. ನೂರಕ್ಕೂ ಜಾಸ್ತಿ.

ಆ ಕಟ್ಟಡ ಹಿಂದೆ ಇಂಗ್ಲಿಷ್ ವ್ಯಾಪಾರಿ ಕಂಪನಿಯ ಗೋದಾಮು. ಮೆಣಸು, ಶುಂಠಿ, ತೆಂಗಿನ ನಾರು ಅಲ್ಲಿಂದಲೇ ಹಡಗು ಹತ್ತುತ್ತಿತ್ತು. ಮಸಾಲೆ ಹೊರಟ ಕಟ್ಟೆಗೆ ಮಸಾಲೆ ಅರೆದ ಕಲ್ಲುಗಳು ಬಂದು ಕೂತಿದ್ದವು. ನಾನು ಅಲ್ಲಿ ಅರ್ಧ ಗಂಟೆ ನಿಂತಿದ್ದೆ. ಬಂದ ಮೇಲೆ ಅಮ್ಮನಿಗೆ ಫೋಟೊ ತೋರಿಸಿದೆ. ಕಲೆ ಗಿಲೆ ಏನೂ ಕೇಳಲಿಲ್ಲ. ಕನ್ನಡಕ ಹಾಕಿಕೊಂಡು, ಒಂದೊಂದು ಕಲ್ಲಿನ ಗುಳಿ ನೋಡಿ, 'ಇದು ದೊಡ್ಡ ಸಂಸಾರದ್ದು, ಇದು ಅಷ್ಟೇನೂ ರುಬ್ಬಿಲ್ಲ' ಅಂತ ಹೇಳುತ್ತಾ ಹೋದರು. ಅಷ್ಟು ಹತ್ತಿರದಿಂದ ನೋಡಿದವರನ್ನು ನಾನು ಗ್ಯಾಲರಿಯಲ್ಲೂ ಕಂಡಿಲ್ಲ.

ನಿಮ್ಮದು ಯಾವುದು? ಕೊಚ್ಚಿಯದೇ ಆಗಬೇಕೆಂದಿಲ್ಲ.

ತಿಂಡಿಪೋತ:
ಕೋಪ ಮಾಡಿಕೊಳ್ಳಬೇಡಿ. ನಮ್ಮ ಬೀದಿ ಕೊನೆಯಲ್ಲಿ ಅಶ್ವತ್ಥ ಕಟ್ಟೆ ಪಕ್ಕ ನಾಲ್ಕು ಒರಳುಕಲ್ಲು ಬಿದ್ದಿವೆ. ನಾನು ದಿನಾ ನೋಡುತ್ತೇನೆ, ಬಿಟ್ಟಿಯಾಗಿ. ಅದನ್ನೇ ಲಾರಿಗೆ ಹಾಕಿ 500 ಕಿಲೋಮೀಟರ್ ಆಚೆ ಇಳಿಸಿದರೆ ಕಲೆ ಆಗುತ್ತದಾ? ನಿಜವಾಗಿ ಕೇಳುತ್ತಿದ್ದೇನೆ, ಕುಹಕ ಅಲ್ಲ. ಸ್ವಲ್ಪ ಕುಹಕ.

ಹಳೇಹಂಚು:
ದಿನಾ ನೋಡುತ್ತೀರಿ ಸರಿ. ಅವು ಅಲ್ಲಿಗೆ ಯಾಕೆ ಬಂದವು ಅಂತ ಇವತ್ತಿನ ತನಕ ಯೋಚಿಸಿದ್ದಿರಾ?

ತಿಂಡಿಪೋತ:
ಇಲ್ಲ. ಈಗ ಯೋಚನೆ ಶುರುವಾಗಿದೆ, ನಿದ್ದೆ ಕೆಡಿಸಿದಿರಿ.

ಕೋಟೇಶ್ವರದವ:
2012ರದ್ದೇ ಅಂದರೆ ನಮ್ಮೂರಿನ ಎಲ್.ಎನ್. ತಲ್ಲೂರ್ ಅವರನ್ನು ಬಿಡುವ ಹಾಗಿಲ್ಲ. ಮಂಗಳೂರು ಹಂಚಿನ ಮಾಡು, ಅದರ ಮೇಲೆ ಹಠಯೋಗದ ಭಂಗಿಯಲ್ಲಿ ಸಣ್ಣ ಸಣ್ಣ ಮಣ್ಣಿನ ಮನುಷ್ಯರು. ಒಬ್ಬ ತಲೆಕೆಳಗೆ, ಒಬ್ಬ ಕಾಲು ಕುತ್ತಿಗೆಗೆ. 'ವೇನಿ, ವಿಡಿ, ವಿಸಿ' ಅಂತ ಹೆಸರು. ಬಂದೆ, ನೋಡಿದೆ, ಗೆದ್ದೆ ಅಂತ ಸೀಸರ್ ಹೇಳಿದ ಮಾತು.

ನಗು ಬರುತ್ತದೆ, ಆಮೇಲೆ ಯೋಚನೆ ಹತ್ತುತ್ತದೆ. ಈ ಹಂಚು ಯಾರದ್ದು? 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ಶುರು ಮಾಡಿದ್ದು. ಹೊರಗಿನಿಂದ ಬಂದವರ ಯಂತ್ರ, ನೇತ್ರಾವತಿ ದಂಡೆಯ ಮಣ್ಣು. ಇವತ್ತು ಅದಿಲ್ಲದೆ ಕರಾವಳಿಯ ಮನೆ ಅಂತ ಚಿತ್ರ ಬರೆಯಲು ಆಗುವುದಿಲ್ಲ, ಅಷ್ಟು ನಮ್ಮದಾಗಿದೆ. ಹಾಗಾದರೆ ಗೆದ್ದವರು ಯಾರು? ಬಂದವರಾ, ಅವರ ತಲೆ ಮೇಲೆ ಶೀರ್ಷಾಸನ ಹಾಕಿ ನಿಂತವರಾ? ಇದು ನನ್ನ ಓದು, ಕಲಾವಿದರ ಮನಸ್ಸಿನಲ್ಲಿ ಬೇರೆ ಇರಬಹುದು. ನಮ್ಮ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಇದ್ದವರು, ಅದಕ್ಕೇ ನನಗೆ ಇದು ಸ್ವಲ್ಪ ಜಾಸ್ತಿ ತಟ್ಟಿತು.

ಎರ್ನಾಕುಲಂ_ಕನ್ನಡಿಗ:
ನಾನು ಇಲ್ಲಿ ಬ್ಯಾಂಕ್ ಕೆಲಸಕ್ಕೆ ಬಂದು ನೆಲೆ ನಿಂತವನು. 12-12-12ರಂದು ಶುರುವಾದಾಗ ನಮ್ಮ ಕಚೇರಿಯಲ್ಲಿ ಅರ್ಧ ಜನಕ್ಕೆ ಬಿನಾಲೆ ಅಂದರೆ ಏನು ಅಂತ ಗೊತ್ತಿರಲಿಲ್ಲ. ಇನ್ನರ್ಧ ಜನ ಸರ್ಕಾರದ ದುಡ್ಡು ಹಾಳು ಅಂತ ಬೈಯುತ್ತಿದ್ದರು. ಬೋಸ್ ಕೃಷ್ಣಮಾಚಾರಿ, ರಿಯಾಸ್ ಕೋಮು ಇಬ್ಬರೂ ಮುಂಬೈಯಲ್ಲಿ ಹೆಸರು ಮಾಡಿದ ಮಲಯಾಳಿ ಕಲಾವಿದರು. 2010ರಲ್ಲಿ ಕೇರಳದ ಸಂಸ್ಕೃತಿ ಸಚಿವರಾಗಿದ್ದ ಎಂ.ಎ. ಬೇಬಿ ಅವರ ಜೊತೆ ಮಾತಾಡಿ ಇದಕ್ಕೆ ಕೈ ಹಾಕಿದರು. ಮೊದಲ ಸಲವೇ ಸುಮಾರು 4 ಲಕ್ಷ ಜನ ಬಂದರು. ಬೈದವರೂ ಆ ಲೆಕ್ಕದಲ್ಲಿ ಇದ್ದರು, ನನಗೆ ಗೊತ್ತು.

ಇದರ ಪೂರ್ತಿ ಹೆಸರು ಕೊಚ್ಚಿ-ಮುಜಿರಿಸ್ ಬಿನಾಲೆ. ಮುಜಿರಿಸ್ ಅನ್ನುವ ಹೆಸರಿನ ಬಗ್ಗೆ ಒಂದು ಮಾತು. ಅದು ರೋಮನ್ನರ ಕಾಲದ ಬಂದರು. 1341ರಲ್ಲಿ ಪೆರಿಯಾರ್ ನದಿ ಉಕ್ಕಿ ಹಳೇ ಬಂದರು ಹೂಳಿನಲ್ಲಿ ಮುಚ್ಚಿತು, ಕೊಚ್ಚಿಯ ಬಾಯಿ ತೆರೆಯಿತು ಅಂತ ಇಲ್ಲಿ ಹೇಳುತ್ತಾರೆ. 2007ರಿಂದ ಪಟ್ಟಣಂ ಅನ್ನುವ ಹಳ್ಳಿಯಲ್ಲಿ ಅಗೆದಾಗ ರೋಮನ್ ಮಡಕೆಗಳ ಚೂರು ರಾಶಿ ರಾಶಿ ಸಿಕ್ಕಿತು. ಕಲಾವಿದ ವಿವಾನ್ ಸುಂದರಂ ಅವರು ಆ ಚೂರುಗಳನ್ನೇ ತಂದು, ನೆಲದ ಮೇಲೆ ಒಂದು ಊರಿನ ಹಾಗೆ ಜೋಡಿಸಿದ್ದರು. ಜೊತೆಗೆ ಕರಿಮೆಣಸು. ಹೆಸರು 'ಬ್ಲ್ಯಾಕ್ ಗೋಲ್ಡ್'. ಅದೂ 2012ರದ್ದೇ. ನನ್ನ ಓಟು ಅದಕ್ಕೆ.

ಸಂಪಿಗೆ_ನೆರಳು:
ನನ್ನದು 2016. ರೌಲ್ ಝುರಿಟಾ, ಚಿಲಿ ದೇಶದ ಕವಿ. 'ಸೀ ಆಫ್ ಪೇನ್'.

ಆಸ್ಪಿನ್‌ವಾಲ್ ಹೌಸಿನ ಒಂದು ಉದ್ದನೆಯ ಗೋದಾಮಿಗೆ ಸಮುದ್ರದ ನೀರು ತುಂಬಿದ್ದರು. ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ಇಳಿಯಬೇಕು. ಮೊದಲು ಎಲ್ಲರೂ ಮಕ್ಕಳ ಹಾಗೆ. ಕಿಲಕಿಲ ನಗು, ಸೆಲ್ಫಿ, 'ಅಯ್ಯೋ ತಣ್ಣಗಿದೆ'. ನಾನೂ ಹಾಗೇ ಇಳಿದೆ. ಎರಡೂ ಬದಿಯ ಗೋಡೆಯಲ್ಲಿ ಸಾಲುಗಳು. ನಿನಗೆ ಕೇಳಿಸುವುದಿಲ್ಲವಾ, ಕಾಣಿಸುವುದಿಲ್ಲವಾ ಅನ್ನುವ ಥರದ ಪ್ರಶ್ನೆಗಳು. ಓದುತ್ತಾ ನೀರು ತಳ್ಳಿಕೊಂಡು ನಡೆಯಬೇಕು. ನೀರಿನಲ್ಲಿ ಬೇಗ ನಡೆಯಲು ಆಗುವುದಿಲ್ಲ, ಅಲ್ವಾ. ಅವಸರವೇ ಇಲ್ಲದ ಹಾಗೆ ಮಾಡಿಬಿಟ್ಟಿದ್ದರು. ಆ ತುದಿಯ ಗೋಡೆಯಲ್ಲಿ ಗಾಲಿಪ್ ಕುರ್ದಿಯ ಹೆಸರು.

2015ರಲ್ಲಿ ಟರ್ಕಿಯ ತೀರದಲ್ಲಿ ಕವುಚಿ ಬಿದ್ದಿದ್ದ ಕೆಂಪು ಅಂಗಿಯ ಮಗು ಅಲಾನ್ ಕುರ್ದಿ, ಆ ಫೋಟೊ ಎಲ್ಲರಿಗೂ ನೆನಪಿದೆ. ಗಾಲಿಪ್ ಅವನ ಅಣ್ಣ. ಅವನೂ ಅದೇ ದೋಣಿಯಲ್ಲಿದ್ದ, ಅವನೂ ಸತ್ತ. ಅವನ ಅಂಥ ಫೋಟೊ ಇಲ್ಲ. ಹಾಗಾಗಿ ಅವನ ಹೆಸರು ಯಾರಿಗೂ ಗೊತ್ತಿಲ್ಲ. ಕವಿ ಬರೆದದ್ದು ಅವನಿಗೆ.

ವಾಪಸ್ ಬರಲು ಬೇರೆ ದಾರಿ ಇರಲಿಲ್ಲ. ಅದೇ ನೀರಿನಲ್ಲಿ, ಅಷ್ಟೇ ನಿಧಾನಕ್ಕೆ ಬರಬೇಕು. ಎದುರಿಗೆ ಹೊಸಬರು ನಗುತ್ತಾ ಇಳಿಯುತ್ತಿದ್ದರು. ಅವರಿಗೆ ಏನೂ ಹೇಳಲಿಲ್ಲ. ಹೊರಗೆ ಬಂದು ಒದ್ದೆ ಕಾಲಿಗೆ ಮರಳು ಮೆತ್ತಿಕೊಂಡಿತು, ಸಂಜೆಯವರೆಗೂ ತೊಳೆಯಲಿಲ್ಲ.

ಮೈಸೂರು_ಮೇಷ್ಟ್ರು:
ನಿಮ್ಮದನ್ನು ಓದಿದ ಮೇಲೆ ನನ್ನದನ್ನು ಹಾಕಲು ಸ್ವಲ್ಪ ಸಂಕೋಚ. ನಾನು ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುವವನು. 2014ರಲ್ಲಿ ನಮ್ಮ ಎನ್.ಎಸ್. ಹರ್ಷ ಅವರ ಚಿತ್ರ ನೋಡಲೆಂದೇ ಹೋಗಿದ್ದೆ. 'ಪುನರಪಿ ಜನನಂ ಪುನರಪಿ ಮರಣಂ'. ಉದ್ದ 80 ಅಡಿಯ ಹತ್ತಿರ. ದೂರದಿಂದ ನೋಡಿದರೆ ದೊಡ್ಡ ಕುಂಚದಲ್ಲಿ ಒಂದೇ ಉಸಿರಿಗೆ ಎಳೆದ ಕಪ್ಪು ಸುರುಳಿ. ಹತ್ತಿರ ಹೋದರೆ ಆ ಕಪ್ಪಿನೊಳಗೆ ಗ್ರಹ, ನಕ್ಷತ್ರ, ಇಡೀ ಬ್ರಹ್ಮಾಂಡ ಚುಕ್ಕಿ ಚುಕ್ಕಿಯಾಗಿ. ಒಂದೇ ಎಳೆ ಅನ್ನಿಸಿದ್ದು ಸಾವಿರಾರು ಸಣ್ಣ ಎಳೆಗಳು. ಕುಂಚ ಹಿಡಿದವರಿಗೆ ಇದು ಎಷ್ಟು ದಿನದ ಕೆಲಸ ಅಂತ ಬೆನ್ನಿನಲ್ಲೇ ಗೊತ್ತಾಗುತ್ತದೆ.

ಆ ಸಲದ ಕ್ಯುರೇಟರ್, ಅಂದರೆ ಕೆಲಸಗಳನ್ನು ಆರಿಸಿ ಪ್ರದರ್ಶನ ರೂಪಿಸುವವರು, ಜಿತೀಶ್ ಕಲ್ಲಟ್. ಕೇರಳದ ಹಳೇ ಗಣಿತ, ಖಗೋಳದ ಪಂಡಿತರನ್ನು ಒಂದು ಕಡೆ, ವಾಸ್ಕೋ ಡ ಗಾಮನ ಹಡಗನ್ನು ಇನ್ನೊಂದು ಕಡೆ ಇಟ್ಟುಕೊಂಡು ಇಡೀ ಪ್ರದರ್ಶನ ಹೆಣೆದಿದ್ದರು. ಆಕಾಶ, ಸಮುದ್ರ. ಅನೀಶ್ ಕಪೂರ್ ಅವರ 'ಡಿಸೆನ್ಶನ್' ಕೂಡ ಅಲ್ಲೇ. ಕೋಣೆಯ ನೆಲದಲ್ಲಿ ಕಪ್ಪು ನೀರಿನ ಸುಳಿ ಗಿರ್ ಅಂತ ತಿರುಗುತ್ತಾ ಇರುತ್ತದೆ, ಪಕ್ಕದಲ್ಲೇ ನಿಜವಾದ ಸಮುದ್ರ ತಣ್ಣಗೆ ಮಲಗಿದೆ. ಜನ ಸುಳಿಗೇ ಮುಗಿಬಿದ್ದಿದ್ದರು. ನನಗೆ ಅದು ಸ್ವಲ್ಪ ಜಾದೂ ಆಟ ಅನ್ನಿಸಿತು. ಹರ್ಷ ಅವರದ್ದು ಜಾದೂ ಅಲ್ಲ, ದುಡಿಮೆ.

ತಿಂಡಿಪೋತ:
ಮೇಷ್ಟ್ರೇ, ನಿಮ್ಮ ಮಾತು ಒಪ್ಪಿದೆ. ಬರೆದದ್ದು ಚಿತ್ರ ಅಂತ ಗೊತ್ತಾಗುತ್ತದೆ. ಸಂಪಿಗೆ ಅವರದ್ದು ಓದಿ ಸುಮ್ಮನಾದೆ. ಆದರೂ ಒಂದು ಅನುಮಾನ: ಅದೇ 2016ರಲ್ಲಿ ಸಗಣಿಯ ಪಿರಮಿಡ್ ಇತ್ತಂತೆ?

ಸಂಪಿಗೆ_ನೆರಳು:
ಇತ್ತು. ಸ್ಲೊವೇನಿಯಾದ ಕವಿ ಅಲೇಶ್ ಶ್ಟೇಗರ್ ಅವರದ್ದು. ದೇಶಬಿಟ್ಟು ಓಡಿಸಿಕೊಂಡ ಕವಿಗಳ ಪಿರಮಿಡ್. ಒಳಗೆ ಕಗ್ಗತ್ತಲು. ಗೋಡೆ ತಡವಿಕೊಂಡು ಹೋಗಬೇಕು, ಕವಿತೆ ಓದುವ ದನಿಗಳು ಕೇಳುತ್ತವೆ. ವಾಸನೆ ಕೊಟ್ಟಿಗೆಯದ್ದೇ. ನನಗೆ ಅಜ್ಜಿ ಮನೆ ನೆನಪಾಯಿತು, ಪಕ್ಕದಲ್ಲಿದ್ದ ವಿದೇಶಿ ಹೆಂಗಸಿಗೆ ಭಯ ಆಯಿತು. ಆ ವರ್ಷದ ಕ್ಯುರೇಟರ್ ಸುದರ್ಶನ್ ಶೆಟ್ಟಿ, ಹುಟ್ಟಿದ್ದು ಮಂಗಳೂರಿನಲ್ಲಿ. ಚಿತ್ರ ಬರೆಯುವವರ ಜೊತೆಗೆ ಕವಿಗಳನ್ನೂ ರಂಗದವರನ್ನೂ ಕರೆಸಿದ್ದರು. ಅರ್ಜೆಂಟೀನಾದ ಲೇಖಕ ಸೆರ್ಜಿಯೊ ಚೆಫೆಕ್ ಅವರ ಕಾದಂಬರಿ ತುಣುಕು ತುಣುಕಾಗಿ ಫೋರ್ಟ್ ಕೊಚ್ಚಿಯ ಬೀದಿ ಗೋಡೆಗಳ ಮೇಲೆ ಇತ್ತು. ಚಹಾ ಕುಡಿಯಲು ನಿಂತ ಕಡೆ ಒಂದು ಪುಟ ಓದಿದ್ದೆ, ಮುಂದಿನ ಪುಟ ಸಿಗಲೇ ಇಲ್ಲ.

ಧಾರವಾಡದ_ಅತ್ತೆ:
ನಾ ಕೊಚ್ಚಿಗೆ ಹೋಗಿಲ್ಲ. ಮಗನ ಜೊತೆ 2019ರಲ್ಲಿ ಇಟಲಿಗೆ ಹೋದಾಗ ವೆನಿಸ್ಸಿನಲ್ಲಿ ಒಂದು ದಿನ ಬಿನಾಲೆ ನೋಡಿದೆ. ಕಾಲು ಸೋತಿದ್ದವು. ಭಾರತದ ಮಂಟಪದೊಳಗೆ ಕೂಡಲು ಜಾಗ ಹುಡುಕುತ್ತಿದ್ದೆ. ಎದುರಿಗೆ ಗೋಡೆ ತುಂಬ ಮರದ ಪಾದುಕೆ. ನೂರಾರು. ಒಂದೊಂದಕ್ಕೆ ಒಂದೊಂದು ಸಾಮಾನು ಅಂಟಿಸಿದ್ದರು, ಬೇರೆ ಬೇರೆ ಕಸುಬಿನವರದ್ದು. ಹೆಸರು ಓದಿದೆ: 'ನಾವು'. ಇಂಗ್ಲಿಷ್ ಅಕ್ಷರದಲ್ಲಿ ಇತ್ತು, ಆದರೆ ಮಾತು ನಮ್ಮದು. ಜಿ.ಆರ್. ಈರಣ್ಣ ಅವರ ಕೆಲಸ, ಸಿಂದಗಿ ಕಡೆಯವರು. ಅಷ್ಟು ದೂರದಾಗ ಕನ್ನಡ ಕಂಡರೆ ಏನಾಗುತ್ತದೆ ಹೇಳಿ. ಕಾವಲಿಗೆ ನಿಂತ ಇಟಲಿ ಹುಡುಗಿಗೆ ಕೈಸನ್ನೆಯಲ್ಲೇ 'ನಾವು' ಅಂದರೆ ಏನು ಅಂತ ತಿಳಿಸಿದೆ. ಅವಳಿಗೆ ತಿಳಿಯಿತೋ ಇಲ್ಲವೋ, ಕುರ್ಚಿ ಮಾತ್ರ ಕೊಟ್ಟಳು.

ಮ್ಯೂನಿಕ್_ಮಲ್ಲಿಗೆ:
ಅತ್ತೆ, ನಿಮ್ಮ 'ನಾವು'ಗೆ ಒಂದು ಜೋಡಿ ಇದೆ. 2024ರ ವೆನಿಸ್‌ನಲ್ಲಿ ಬೆಂಗಳೂರಿನ ಅರವಾಣಿ ಆರ್ಟ್ ಪ್ರಾಜೆಕ್ಟ್‌ನವರ ದೊಡ್ಡ ಗೋಡೆಚಿತ್ರ ಇತ್ತು. ಟ್ರಾನ್ಸ್ ಮಹಿಳೆಯರು ಮತ್ತು ಇತರರು ಸೇರಿ ಬರೆಯುವ ತಂಡ. ಹಡಗುಕಟ್ಟೆಯ ಹಳೇ ಕಟ್ಟಡ ಅದು, ಇಟ್ಟಿಗೆ ಬಣ್ಣ, ಮಂಕು ಬೆಳಕು. ಅದರ ನಡುವೆ ನಮ್ಮ ಕಡೆಯ ಗುಲಾಬಿ, ಹಳದಿ. ಈ ತಂಡದವರು ಮೊದಮೊದಲು ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಬಳಿ ಬರೆದ ಗೋಡೆಯಲ್ಲಿ ಇದ್ದ ಮಾತು 'ನಾವು ಇದ್ದೇವೆ'.

ಒರಳುಕಲ್ಲಿನ ಶೀಲಾ ಗೌಡ ಅವರದ್ದು ಇನ್ನೊಂದು ಹೇಳಲೇಬೇಕು. 'ಬಿಹೋಲ್ಡ್', 2009ರ ವೆನಿಸ್. ನಮ್ಮ ಕಡೆ ಲಾರಿ, ಕಾರಿನ ಬಂಪರ್‌ಗೆ ದೃಷ್ಟಿ ತಾಗದಿರಲಿ ಅಂತ ಕೂದಲಿನ ಹಗ್ಗ ಕಟ್ಟುತ್ತಾರಲ್ಲ, ಅದೇ. ಮುಡಿ ಕೊಟ್ಟ ಕೂದಲಿನಿಂದ ಹೊಸೆದ ಹಗ್ಗ, ಒಟ್ಟು 4000 ಮೀಟರ್. ಆ ಹಗ್ಗವೇ ಸ್ಟೀಲಿನ ಬಂಪರ್‌ಗಳನ್ನು ಎತ್ತಿ ಹಿಡಿದು ತೂಗಾಡಿಸುತ್ತದೆ. ನಾನು ಇದನ್ನು ನೋಡಿದ್ದು ಲಂಡನ್ನಿನ ಟೇಟ್ ಕಲಾ ಮ್ಯೂಸಿಯಂನಲ್ಲಿ, ಈಗ ಅದು ಅವರ ಸಂಗ್ರಹದಲ್ಲಿದೆ. ಅಲ್ಲಿನ ವಿವರ ಫಲಕದಲ್ಲಿ ಎಲ್ಲಾ ಬರೆದಿತ್ತು. ಆದರೆ ಹರಕೆ ಹೊತ್ತು ತಲೆ ಬೋಳಿಸಿಕೊಂಡವರ ಮನೆಯಿಂದ ಬಂದವಳಿಗೆ ಫಲಕ ಬೇಕಾಗಲಿಲ್ಲ. ಭದ್ರಾವತಿಯಲ್ಲಿ ಹುಟ್ಟಿದವರ ಕೆಲಸವನ್ನು ಲಂಡನ್ನಿನಲ್ಲಿ ನಿಂತು ನೋಡುವ ಪರಿಸ್ಥಿತಿ, ಅದೂ ಒಂದು ವಿಚಿತ್ರ.

ಬೀದಿ_ಗೋಡೆ:
ಇದೇ ನನ್ನ ಪ್ರಶ್ನೆ. ಇಷ್ಟು ಹೊತ್ತು ಓದಿದೆ. ಭದ್ರಾವತಿ, ಕೋಟೇಶ್ವರ, ಮೈಸೂರು, ಸಿಂದಗಿ. ಎಲ್ಲರೂ ನಮ್ಮವರು. ನೋಡಲು ಮಾತ್ರ ಕೊಚ್ಚಿ, ವೆನಿಸ್, ಲಂಡನ್. ಬೆಂಗಳೂರಿನಲ್ಲಿ ಯಾಕೆ ಒಂದು ಬಿನಾಲೆ ಇಲ್ಲ? ದುಡ್ಡಿಗೆ ಬರವಾ?

ತಿಂಡಿಪೋತ:
ಚಿತ್ರಸಂತೆ ಇದೆಯಲ್ಲ. 2003ರಿಂದ ನಡೆಯುತ್ತಿದೆ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆ ಪೂರ್ತಿ ಚಿತ್ರ, ಸಾವಿರಕ್ಕೂ ಜಾಸ್ತಿ ಕಲಾವಿದರು. ನಮ್ಮ ಮನೆಯ ಹಾಲಿನಲ್ಲಿರುವ ಎತ್ತಿನ ಚಿತ್ರ ಅಲ್ಲಿಯದ್ದೇ. ಚರ್ಚೆ ಮಾಡದೆ, ಕಲ್ಲು ಉರುಳಿಸದೆ, ಕೊಂಡು ಮನೆಗೆ ತಂದೆ.

ಮೈಸೂರು_ಮೇಷ್ಟ್ರು:
ಚಿತ್ರಸಂತೆ ಬೇಕು, ನನ್ನ ಹಳೇ ವಿದ್ಯಾರ್ಥಿಗಳು ಅಲ್ಲಿ ಮಾರುತ್ತಾರೆ, ಅವತ್ತಿನ ದುಡ್ಡಿನಲ್ಲಿ ಕೆಲವು ತಿಂಗಳ ಬಣ್ಣ ಬರುತ್ತದೆ. ಆದರೆ ಅದು ಸಂತೆ. 80 ಅಡಿ ಚಿತ್ರವನ್ನು ಸಂತೆಯಲ್ಲಿ ಎಲ್ಲಿ ಇಡುತ್ತೀರಿ, ಯಾರು ಕೊಳ್ಳುತ್ತಾರೆ? ಮಾರಲು ಆಗದ ಕೆಲಸಕ್ಕೂ ಒಂದು ಜಾಗ ಬೇಕು. ಬಿನಾಲೆ ಆ ಜಾಗ.

ಎರ್ನಾಕುಲಂ_ಕನ್ನಡಿಗ:
ಜಾಗ ಅಂದಿರಲ್ಲ, ಅದೇ ಮುಖ್ಯ. ಫೋರ್ಟ್ ಕೊಚ್ಚಿ, ಮಟ್ಟಾಂಚೇರಿಯಲ್ಲಿ ಮೆಣಸಿನ ವ್ಯಾಪಾರ ಕುಸಿದ ಮೇಲೆ ಗೋದಾಮುಗಳು ಖಾಲಿ ಬಿದ್ದಿದ್ದವು. ನಡೆದುಕೊಂಡು ಹೋಗುವಷ್ಟು ಹತ್ತಿರ. ಹಾಗಾಗಿ ಒಂದು ಊರೇ ಗ್ಯಾಲರಿ ಆಯಿತು. 2018ರಲ್ಲಿ ದಕ್ಷಿಣ ಆಫ್ರಿಕಾದ ಕಲಾವಿದ ವಿಲಿಯಂ ಕೆಂಟ್ರಿಜ್ ಅವರ ಮೆರವಣಿಗೆಯ ವಿಡಿಯೊ ಆನಂದ್ ವೇರ್‌ಹೌಸಿನಲ್ಲಿ ಸಾಲು ಪರದೆ ಮೇಲೆ ಓಡುತ್ತಿತ್ತು. ಬ್ಯಾಂಡು ಬಾರಿಸುವವರು, ಅಸ್ಥಿಪಂಜರ, ಡ್ರಿಪ್ ಕಂಬ ಹಿಡಿದ ರೋಗಿಗಳು ನೆರಳಿನ ಹಾಗೆ ಸಾಗುತ್ತಾರೆ. ಹೊರಗೆ ಅದೇ ಹೊತ್ತಿಗೆ ಕೂಲಿಗಳು ಈರುಳ್ಳಿ ಚೀಲ ಹೊತ್ತು ಸಾಲಾಗಿ ಹೋಗುತ್ತಿದ್ದರು. ಈ ಸಲ ಅದೇ ಗೋದಾಮಿನಲ್ಲಿ ಘಾನಾದ ಇಬ್ರಾಹಿಂ ಮಹಾಮ ಹಳೇ ಸೆಣಬಿನ ಚೀಲಗಳನ್ನು ಗೋಡೆಗೆ ಹೊದಿಸಿ, ಹಳೇ ಕುರ್ಚಿ ಜೋಡಿಸಿ ಒಂದು ಸಂಸತ್ತು ಮಾಡಿದ್ದಾರೆ. ಕೂರಬಹುದು. ಏಷ್ಯಾದಲ್ಲಿ ನೇಯ್ದ ಚೀಲ ಘಾನಾಕ್ಕೆ ಹೋಗಿ ಕೋಕೋ ತುಂಬಿಕೊಳ್ಳುತ್ತದೆ, ಆ ಕಥೆ ಅವರ ಕೆಲಸದಲ್ಲಿ ಮೊದಲಿಂದಲೂ ಇದೆ. ಗೋದಾಮಿಗೆ ಚೀಲ ವಾಪಸ್ ಬಂದ ಹಾಗೆ.

ಎಲ್ಲಾ ಚಂದ ಅಂತ ಅಂದುಕೊಳ್ಳಬೇಡಿ. 2022ರದ್ದು ಡಿಸೆಂಬರ್ 12ಕ್ಕೆ ಶುರುವಾಗಬೇಕಿತ್ತು, ಕೊನೆ ಗಳಿಗೆಯಲ್ಲಿ 23ಕ್ಕೆ ಹೋಯಿತು. ದೇಶ ವಿದೇಶದಿಂದ ಬಂದಿದ್ದ ಕಲಾವಿದರು ಬಹಿರಂಗ ಪತ್ರ ಬರೆದು ಅಸಮಾಧಾನ ಹೇಳಿಕೊಂಡರು.

ಬೀದಿ_ಗೋಡೆ:
ನಮ್ಮಲ್ಲೂ ಜಾಗ ಇದೆ ಸ್ವಾಮಿ. ಮುಚ್ಚಿದ ಬಟ್ಟೆ ಗಿರಣಿಗಳು ಇದ್ದವು. ಮಾಲ್ ಮಾಡಿದೆವು, ಅಪಾರ್ಟ್‌ಮೆಂಟ್ ಮಾಡಿದೆವು. ಕೋಲಾರ ಗಣಿಯ ಕಟ್ಟಡಗಳು ಇನ್ನೂ ಇವೆ. ಕಬ್ಬನ್ ಪಾರ್ಕಿನ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿಯವರ ಕೈಗೆ ಕೊಡುತ್ತಾರೆ ಅಂದಾಗ 2016ರಲ್ಲಿ ಕಲಾವಿದರು ಬೀದಿಗೆ ಇಳಿದರು, ನಾನೂ ನಿಂತಿದ್ದೆ. ಅಂದರೆ ಜನ ಇದ್ದಾರೆ. 2009ರಲ್ಲಿ ಮಾಣಿಕ್ಯವೇಲು ಬಂಗಲೆಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಬಂತು, 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ಮ್ಯಾಪ್ ಅನ್ನುವ ಕಲೆ, ಛಾಯಾಚಿತ್ರದ ಮ್ಯೂಸಿಯಂ ತೆರೆಯಿತು. ಒಳ್ಳೆಯದೇ. ಆದರೆ ಅಲ್ಲಿಗೆ ನಮ್ಮ ಬೀದಿಯ ಹೂವಿನವಳು ಹೋಗುವುದಿಲ್ಲ. ಕೊಚ್ಚಿಯಲ್ಲಿ ಆಟೋದವನು ಯಾವ ಕೆಲಸ ಚೆನ್ನಾಗಿದೆ ಅಂತ ನನಗೇ ಹೇಳಿದ.

ಹಳೇಹಂಚು:
ನನಗೂ ಒಬ್ಬ ಹೇಳಿದ್ದ, ಅವನು ಹೇಳಿದ್ದು ಸರಿಯಾಗೇ ಇತ್ತು.

ಆದರೆ ಬೆಂಗಳೂರಿಗೆ ಬಿನಾಲೆ ಬೇಕು ಅನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇಲ್ಲ. ಕೋಲಾರ ಅಂದಿರಲ್ಲ, ಅಲ್ಲಿ ಕಿವಿ ನಿಮಿರಿತು. ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಸೈನೈಡ್ ದಿಬ್ಬಗಳು ಊರಿನ ನಡುವೆ ಹಾಗೇ ನಿಂತಿವೆ. ಅಲ್ಲಿ ಮಾಡಿದರೆ ಕಲಾವಿದರಿಗೂ ಹಿಡಿದುಕೊಳ್ಳಲು ಏನೋ ಒಂದು ಇರುತ್ತದೆ. ಬೆಂಗಳೂರಿನಲ್ಲಾದರೆ ಇನ್ನೊಂದು ಈವೆಂಟ್ ಆಗಿಬಿಡುತ್ತದೆ, ಪಾರ್ಕಿಂಗ್ ಸಿಗಲಿಲ್ಲ ಅಂತ ಎಲ್ಲರೂ ಪೋಸ್ಟ್ ಹಾಕುತ್ತಾರೆ.

ಮ್ಯೂನಿಕ್_ಮಲ್ಲಿಗೆ:
ಇದಕ್ಕೆ ಜರ್ಮನಿಯಲ್ಲೇ ಉದಾಹರಣೆ ಇದೆ. ಕಾಸೆಲ್ ದೊಡ್ಡ ಊರೇನಲ್ಲ. ಯುದ್ಧದಲ್ಲಿ ಬಾಂಬಿಗೆ ಪುಡಿಯಾಗಿತ್ತು. 1955ರಲ್ಲಿ ಅಲ್ಲೇ ಡಾಕ್ಯುಮೆಂಟಾ ಅನ್ನುವ ದೊಡ್ಡ ಕಲಾ ಪ್ರದರ್ಶನ ಶುರು ಮಾಡಿದರು, ಅದೂ ಆಗಿನ್ನೂ ಪೂರ್ತಿ ರಿಪೇರಿ ಆಗದ ಮ್ಯೂಸಿಯಂನಲ್ಲಿ. ಈಗ 5 ವರ್ಷಕ್ಕೊಮ್ಮೆ ಇಡೀ ಜಗತ್ತು ಅಲ್ಲಿಗೆ ಹೋಗುತ್ತದೆ. 2007ರಲ್ಲಿ ಶೀಲಾ ಗೌಡ ಅವರ ಕೆಲಸ ಅಲ್ಲೂ ಇತ್ತು, ಊದುಬತ್ತಿಯ ಹಿಟ್ಟನ್ನು ಸುಟ್ಟು ಉಳಿದ ಬೂದಿ. ಬರ್ಲಿನ್, ಮ್ಯೂನಿಕ್‌ನವರು ಕಾಸೆಲ್‌ಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಾರೆ. ಹಾಗಾಗಿ ಕೋಲಾರಕ್ಕೆ ನನ್ನ ಕೈ ಮೇಲೆ.

ಇನ್ನೊಂದು, ಮೇ 9ಕ್ಕೆ ಈ ವರ್ಷದ, ಅಂದರೆ 2026ರ ವೆನಿಸ್ ಬಿನಾಲೆ ತೆರೆಯುತ್ತದೆ. 2019ರ ನಂತರ ಈಗ ಮತ್ತೆ ಭಾರತದ ಮಂಟಪ. ನಮ್ಮ ಕರ್ನಾಟಕದ ಶಿಲ್ಪಿ ರಂಜನಿ ಶೆಟ್ಟರ್ ಅವರ ಕೆಲಸ ಇರುತ್ತದೆ. ನಾನು ರಜೆ ಹಾಕಿ ಹೋಗುವವಳು, ಬಂದು ಇಲ್ಲೇ ಬರೆಯುತ್ತೇನೆ.

ಧಾರವಾಡದ_ಅತ್ತೆ:
ಹೋದರೆ ಕುರ್ಚಿ ಎಲ್ಲೆಲ್ಲಿ ಇವೆ ಅನ್ನುವುದನ್ನೂ ಬರೆಯಿರಿ.

ತಿಂಡಿಪೋತ:
ಸರಿ, ಸೋತೆ. ಮಾರ್ಚ್ 31ರೊಳಗೆ ಹೋಗಿ ಬರೋಣ ಅಂತ ಮನೆಯಲ್ಲಿ ಹೇಳಿದ್ದೇನೆ. ಒಂದೇ ದಿನದಲ್ಲಿ ಆಗುತ್ತದಾ?

ಎರ್ನಾಕುಲಂ_ಕನ್ನಡಿಗ:
ಆಗುವುದಿಲ್ಲ. ಎರಡು ದಿನ ಇಟ್ಟುಕೊಳ್ಳಿ. ಬೆಂಗಳೂರಿನಿಂದ ರಾತ್ರಿ ರೈಲು ಹಿಡಿದರೆ ಬೆಳಗ್ಗೆ ಎರ್ನಾಕುಲಂ. ಈಗ ವಂದೇ ಭಾರತ್ ಕೂಡ ಇದೆ. ಫೋರ್ಟ್ ಕೊಚ್ಚಿಗೆ ಆಟೋ ಮಾಡಬೇಡಿ, ಹೈಕೋರ್ಟ್ ಹತ್ತಿರ ವಾಟರ್ ಮೆಟ್ರೊ ದೋಣಿ ಹತ್ತಿ. ಮೊದಲ ದಿನ ಫೋರ್ಟ್ ಕೊಚ್ಚಿ, ಎರಡನೇ ದಿನ ಮಟ್ಟಾಂಚೇರಿ. ಮಧ್ಯಾಹ್ನ ಬಿಸಿಲು ಜಾಸ್ತಿ, ಗೋದಾಮಿನೊಳಗೆ ಇರುವ ಹಾಗೆ ನೋಡಿಕೊಳ್ಳಿ. ವಿದ್ಯಾರ್ಥಿಗಳ ಬಿನಾಲೆ ಅಂತ ಬೇರೆ ನಡೆಯುತ್ತದೆ, ದೇಶದ ಬೇರೆ ಬೇರೆ ಕಲಾ ಕಾಲೇಜಿನ ಮಕ್ಕಳದ್ದು. ಎಲ್ಲರೂ ಅದನ್ನು ಕೊನೆಗೆ ಇಟ್ಟು ತಪ್ಪಿಸಿಕೊಳ್ಳುತ್ತಾರೆ. ನೀವು ಅದರಿಂದಲೇ ಶುರು ಮಾಡಿ. ಊಟ ನಿಮಗೆ ಹೇಳಿಕೊಡಬೇಕಾಗಿಲ್ಲ.

ತಿಂಡಿಪೋತ:
ಥ್ಯಾಂಕ್ಸ್. ಅಂದಹಾಗೆ ನಿನ್ನೆ ಸಂಜೆ ಅಶ್ವತ್ಥ ಕಟ್ಟೆ ಹತ್ತಿರ ಹೋಗಿ ಆ ಕಲ್ಲುಗಳನ್ನು ನೋಡಿದೆ. ನಾಲ್ಕಲ್ಲ, ಐದು ಇವೆ. ಒಂದರ ಗುಳಿ ತುಂಬಾ ಆಳ, ತಳ ತೆಳ್ಳಗಾಗಿದೆ. ಹಳೇಹಂಚು ಅವರ ಅಮ್ಮ ನೋಡಿದರೆ ಏನು ಹೇಳುತ್ತಾರೋ. ಫೋಟೊ ಹಾಕುತ್ತೇನೆ, ಕೇಳಿ ಹೇಳುತ್ತೀರಾ?

ಹಳೇಹಂಚು:
ತೋರಿಸಿದೆ. ಆಳ ಇರುವುದು ಬಾಣಂತಿ ಮನೆಯದ್ದಂತೆ, ಖಾರ ಬಿಟ್ಟು ಬೇರೆ ಎಲ್ಲಾ ಅರೆದಿದೆಯಂತೆ. ಹೇಗೆ ಗೊತ್ತು ಅಂತ ಕೇಳಿದರೆ ಉತ್ತರ ಇಲ್ಲ. ಅದನ್ನು ನಮ್ಮನೆಗೆ ತಂದು ಹಾಕು ಅಂತ ಈಗ ಹಟ ಹಿಡಿದಿದ್ದಾರೆ. ಎತ್ತಲು ಎಷ್ಟು ಜನ ಬೇಕಾಗಬಹುದು?

ತಿಂಡಿಪೋತ:
ಮೂರು ಜನ. ಭಾನುವಾರ ಬನ್ನಿ, ತಿಂಡಿ ನನ್ನದು.